ಸಶಿಶು ದ್ರಾಕ್ಷಾಸವ ಯಾತ್ರಾ ಮೀಮಾಂಸೆ

(ಕಾಸರಗೋಡು ಜಿಲ್ಲೆಯನ್ನು ವಿಶೇಷವಾಗಿ ಗಮನದಲ್ಲಿರಿಸಿ ನಡೆಸಿದ ಬಹುಶಿಸ್ತೀಯ ಅಧ್ಯಯನ)

ಪ್ರಕರಣ 1: ವಿಷಯ ಪ್ರವೇಶ

ಚಿಕ್ಕ ಮಗುವನ್ನು ಕಾರಿನ ಹಿಂದಿನ ಸೀಟಿಗೆ ಬಿಗಿದು, ಒಂದು ವೈನರಿಯಿಂದ ಇನ್ನೊಂದಕ್ಕೆ ಸಂಸಾರ ಸಮೇತ ಸಂಚರಿಸುವ ಕ್ರಿಯೆಗೆ ‘ಸಶಿಶು ದ್ರಾಕ್ಷಾಸವ ಯಾತ್ರೆ’ ಎಂದು ಹೆಸರು. ಸಮಕಾಲೀನ ಗೃಹಸ್ಥಾಶ್ರಮದ ಪರಿಪ್ರೇಕ್ಷ್ಯದಲ್ಲಿ ಇದು ಬರಿಯ ಪ್ರವಾಸವಲ್ಲ, ಒಂದು ಸಂಕಥನ. ಸಂಕಥನ ಎಂದರೇನೆಂದು ಕೇಳಬಾರದು. ವಿಚಾರ ಸಂಕಿರಣಗಳಲ್ಲಿ ಹಾಗೆ ಕೇಳಿದವರಿಗೆ ಎರಡನೇ ಅವಧಿಯ ಚಹಾ ಸಿಗುವುದಿಲ್ಲ.

ಪೂರ್ವಸೂರಿಗಳ ಕಾಲದಲ್ಲಿ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಎಂದು ಹೋಗುತ್ತಿದ್ದವು. ಚಾರ್ಮಾಡಿ ಘಾಟಿಯಲ್ಲಿ ಮಗು ವಾಂತಿ ಮಾಡುತ್ತಿತ್ತು, ದೊಡ್ಡವರು ಬೆನ್ನು ಸವರುತ್ತಿದ್ದರು. ಈ ಪಾತ್ರಗಳು ಯಾವಾಗ ಅದಲುಬದಲಾದವು ಎಂಬುದನ್ನು ಚರಿತ್ರಕಾರರು ಇನ್ನೂ ಗುರುತಿಸಿಲ್ಲ. ನನ್ನ ಮಟ್ಟಿಗೆ, 1980ರ ದಶಕದ ಕೊನೆಯಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಯ ದ್ರಾಕ್ಷಿಬಳ್ಳಿ ಊರಿದಲ್ಲಿಂದ ಈ ಯುಗ ಶುರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿ, ವೈನ್ ಮಂಡಳಿಯನ್ನೂ ಕಟ್ಟಿತು. ಹೀಗೆ ತೀರ್ಥಯಾತ್ರೆಗೆ ತೀರ್ಥವೂ ಸರ್ಕಾರದ ಆಶೀರ್ವಾದವೂ ಒಟ್ಟಿಗೇ ದೊರೆತವು.

ಪ್ರಕರಣ 2: ಅಧಿಕಾರಿಭೇದ

ಯಾತ್ರಿಕರು ಚತುರ್ವಿಧ. ಮೂಸಿ ತೃಪ್ತನಾಗುವವನು ಆಘ್ರಾಣಿ. ಉದ್ಧರಣೆಯಷ್ಟು ಹೀರಿ ಕಣ್ಣು ಮುಚ್ಚುವವನು ಆಚಮನಿ. ಟಿಕೆಟಿನ ದುಡ್ಡು ವಸೂಲಾಗಬೇಕೆಂಬ ನಿಷ್ಠೆಯವನು ಆಕಂಠಿ. ಇವರೆಲ್ಲರನ್ನೂ ಮನೆ ಮುಟ್ಟಿಸಬೇಕಾದವನು ಸಾರಥಿ. ಅವನು ಬಾಯಿಗೆ ಹಾಕಿದ್ದನ್ನು ಬಕೆಟ್ಟಿಗೆ ಉಗುಳುತ್ತಾನೆ. ಸ್ಥಿತಪ್ರಜ್ಞನ ಲಕ್ಷಣಗಳು ಸಾರಥಿಯಲ್ಲಿ ಕಂಡುಬರುತ್ತವೆಂದು ಕೆಲವರು. ಬರೇ ಸಿಟ್ಟು ಕಂಡುಬರುತ್ತದೆಂದು ಇನ್ನು ಕೆಲವರು.

ಶಿಶುಗಳು ಪಂಚವಿಧ: ಸುಪ್ತ, ರುದಿತ, ಧಾವಿತ, ಮೂತ್ರಾತುರ ಮತ್ತು ಪ್ರಶ್ನಕ. ಮೊದಲ ನಾಲ್ಕು ವರ್ಗಗಳನ್ನು ಮೊಬೈಲು ಕೊಟ್ಟೋ ಡಯಾಪರು ಬದಲಿಸಿಯೋ ಸಂಭಾಳಿಸಬಹುದು. ಐದನೆಯದಕ್ಕೆ ಮದ್ದಿಲ್ಲ. ಇದಕ್ಕೊಂದು ಕ್ಷೇತ್ರಕಾರ್ಯದ ಪುರಾವೆ ಉಂಟು.

ಬೆಂಗಳೂರಿನ ಆಚೆಯ ಒಂದು ವೈನರಿಗೆ ಭಾವನ ಸಂಸಾರದ ಜೊತೆ ಹೋಗಿದ್ದೆ. ಕಪ್ಪು ಏಪ್ರನ್ ಕಟ್ಟಿದ ಆಸ್ವಾದನಾಚಾರ್ಯ ಗ್ಲಾಸನ್ನು ಓರೆ ಹಿಡಿದು, ಮೂರು ಸುತ್ತು ತಿರುಗಿಸಿ, ಒಳಗೆ ಮೂಗಿಟ್ಟು ನಿರೂಪಿಸಿದ: ಮೊದಲು ಸೀಬೆಹಣ್ಣು ಬರುತ್ತದೆ, ಆಮೇಲೆ ಮೆಣಸಿನ ಕಾಳು, ಹಳೇ ಚರ್ಮದ ಪೆಟ್ಟಿಗೆ, ಒದ್ದೆ ಕಲ್ಲು, ಕೊನೆಗೆ ಗಂಟಲಲ್ಲಿ ಮಳೆ ಬಿದ್ದ ಮಣ್ಣು. ಎಲ್ಲರೂ ಮಣ್ಣನ್ನು ಹುಡುಕುತ್ತ ತಲೆಯಾಡಿಸಿದೆವು. ಭಾವನ ನಾಲ್ಕು ವರ್ಷದ ಮಗಳು ಮೇಜಿನಂಚಿಗೆ ಗದ್ದವೂರಿ, “ಅಂಕಲ್, ಇದಕ್ಕೆ ದ್ರಾಕ್ಷಿ ಹಾಕುದಿಲ್ವಾ?” ಎಂದಳು. ಆಚಾರ್ಯ ನಗಲಿಲ್ಲ. ಅವಳಿಗೊಂದು ಡಬ್ಬಿ ಜ್ಯೂಸು ಕೊಡಿಸಿ ಬಿಲ್ಲಿಗೆ ಸೇರಿಸಿದ.

ಯಾತ್ರಿಕರಲ್ಲಿ ಇನ್ನೂ ಉಪವರ್ಗಗಳಿವೆ: ಸೆಲ್ಫಿಪರ, ಚೀಸ್‌ಪರ, ಅತ್ತೆಸಹಿತ, ಅತ್ತೆರಹಿತ. ಹೀಗೆ ವಿಂಗಡಿಸುತ್ತ ಹೋದರೆ ಎಷ್ಟು ಪುಟವಾದರೂ ತುಂಬುತ್ತದೆ, ಡಾಕ್ಟರೇಟೂ ಬಂದೀತು. ಇಲ್ಲಿಗೆ ನಿಲ್ಲಿಸುತ್ತೇನೆ. ವರ್ಗೀಕರಣದ ಮೇಲೆ ನನಗಿರುವ ಜಿಗುಪ್ಸೆಗೆ ಬೇರೆಯೇ ಕಾರಣವಿದೆ, ಮುಂದೆ ಬರುತ್ತದೆ.

ಪ್ರಕರಣ 3: ಕ್ಷೇತ್ರ ನಿರ್ಣಯ

ಪೂರ್ವಪಕ್ಷ: ಬೇಸಿಗೆ ರಜೆಗೆ ಕಾರು ಹತ್ತುವ ಮೊದಲು ಭಾವನ ಫೋನು. “ಭಾವ, ನಿಮ್ಮ ಕಾಸರಗೋಡಿನಲ್ಲಿ ವೈನರಿ ಉಂಟಾ? ಬೇಕಲ ಕೋಟೆಗೆ ಹೋಗುವ ದಾರಿಯಲ್ಲಾದರೆ ಒಳ್ಳೇದಿತ್ತು.”

ಸಿದ್ಧಾಂತ: ಇಲ್ಲ. ಇಲ್ಲಿ ಮುರಕಲ್ಲು, ಅಡಿಕೆ, ತೆಂಗು, ಮಳೆ. ದ್ರಾಕ್ಷಿ ಎಂಬುದು ಪಾಯಸದಲ್ಲಿ ಉಬ್ಬಿ ಕಾಣಿಸಿಕೊಳ್ಳುವ ವಸ್ತು. ಮೇಲಾಗಿ ಕೇರಳದ ಕಾನೂನಿನಂತೆ 23 ತುಂಬದವನು ಮದ್ಯ ಮುಟ್ಟುವಂತಿಲ್ಲ. ಓಟು ಹಾಕಿ ಸರ್ಕಾರ ಬದಲಿಸಬಲ್ಲ, ಮದುವೆಯಾಗಿ ತಂದೆಯೂ ಆಗಬಲ್ಲ ಯುವಕ ನಮ್ಮಲ್ಲಿ ಗ್ಲಾಸಿನೆದುರು ಶಿಶುವೇ. ಸಶಿಶು ಯಾತ್ರೆಗೆ ಇದಕ್ಕಿಂತ ಪ್ರಶಸ್ತವಾದ ನ್ಯಾಯವ್ಯವಸ್ಥೆ ಇನ್ನೆಲ್ಲಿದೆ?

ಆದರೂ ‘ಗೌಣ ವೈನರಿ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರೆ ಮೂರು ಕ್ಷೇತ್ರಗಳು ಸಿದ್ಧಿಸುತ್ತವೆ.

ಒಂದು, ಆಯುರ್ವೇದದ ಅಂಗಡಿ. ಧಾತಕೀ ಹೂವು ಹಾಕಿ ಹುಳಿ ಬರಿಸಿದ ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆಂದು ಸೀಸೆಯ ಮೇಲೇ ಅಚ್ಚಾಗಿರುತ್ತದೆ. ಬಾಣಂತಿಗೆ ದಶಮೂಲಾರಿಷ್ಟ ಕುಡಿಸುವ ನಮ್ಮ ಅಜ್ಜಿಯಂದಿರು ಸೀಬೆಹಣ್ಣು, ಚರ್ಮದ ಪೆಟ್ಟಿಗೆ ಎಂದೆಲ್ಲ ಹುಡುಕಲಿಲ್ಲ. “ಮೂಗು ಮುಚ್ಚಿ ಕುಡಿ” ಎಂದರು. ಆಸ್ವಾದನ ಶಾಸ್ತ್ರದ ನಿಷೇಧಮಾರ್ಗ ಇದೇ.

ಎರಡು, ಕೂಡ್ಲಿನ ಸಿಪಿಸಿಆರ್‌ಐ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದದ್ದು. ತೆಂಗಿನ ಹೊಂಬಾಳೆಯ ತುದಿ ಕೊಯ್ದು ಸಾದಾ ಮಡಕೆ ಕಟ್ಟಿದರೆ ಇಳಿದ ರಸ ಕೆಲವೇ ಗಂಟೆಗಳಲ್ಲಿ ಹುಳಿಯೇರಿ ಕಳ್ಳಾಗುತ್ತದೆ. ಅದನ್ನೇ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ಇಳಿಸಿದರೆ ಹುಳಿಯೇರದೆ, ತಿಳಿಯಾಗಿ, ಸಿಹಿಯಾಗಿ ಉಳಿಯುತ್ತದೆ. ಸಂಸ್ಥೆ ಇದಕ್ಕೆ ಕಲ್ಪರಸ ಎಂದು ಹೆಸರಿಟ್ಟಿದೆ. ಮಗುವೂ ಸಾರಥಿಯೂ ಒಟ್ಟಿಗೇ ಕುಡಿದು, ಯಾರೂ ಯಾವ ಬಕೆಟ್ಟಿಗೂ ಉಗುಳದೆ ಹೊರಬರಬಹುದಾದ ಕ್ಷೇತ್ರ ಇದು. ಆಕಂಠಿಗಳು ಮಾತ್ರ ನಿರಾಶರಾಗುತ್ತಾರೆ.

ಮೂರನೆಯದು ಗೇರುಗುಡ್ಡೆ.

ಪ್ರಕರಣ 4: ಗೇರುಹಣ್ಣಿನ ಆಸ್ವಾದನ

ಪೋರ್ಚುಗೀಸರು ತಂದ ಮರ. ಹಣ್ಣು ಎಂದು ನಾವು ತಿನ್ನುವುದು ಸಸ್ಯಶಾಸ್ತ್ರದ ಪ್ರಕಾರ ಊದಿಕೊಂಡ ತೊಟ್ಟು. ನಿಜವಾದ ಫಲ ಅದರ ಬುಡಕ್ಕೆ ನೇತುಬಿದ್ದ ಬೀಜ. ಮಾರ್ಚ್, ಏಪ್ರಿಲಿನಲ್ಲಿ ಹೆಂಗಸರೂ ಮಕ್ಕಳೂ ಗುಡ್ಡೆಗೆ ಹೋಗಿ ಬೀಜ ಹೆಕ್ಕುತ್ತಾರೆ. ಬಿದ್ದ ಹಣ್ಣನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಬೀಜ ತಿರುಚಿ ಬುಟ್ಟಿಗೆ ಹಾಕಿ, ಹಣ್ಣನ್ನು ಅಲ್ಲೇ ಎಸೆಯುವುದು. ಬೀಜದ ಹಲವು ಪಟ್ಟು ತೂಕದ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇಡೀ ಗುಡ್ಡೆ ತನ್ನಷ್ಟಕ್ಕೇ ಹುಳಿಯೇರಿ ಘಮಗುಡುತ್ತದೆ. ಲೈಸೆನ್ಸಿಲ್ಲ, ಟಿಕೆಟಿಲ್ಲ, ಏಪ್ರನ್ನಿಲ್ಲ.

ಆಸ್ವಾದನ ವಿಧಿ: ಬಲಿತ ಹಳದಿ ಹಣ್ಣು, ಚಿಟಿಕೆ ಉಪ್ಪು, ಹಳೇ ಅಂಗಿ. ಮೊದಲು ರಸ ಮೊಣಕೈವರೆಗೆ ಇಳಿಯುತ್ತದೆ, ಆಮೇಲೆ ಸಿಹಿ, ಕೂಡಲೇ ಒಗರು. ನಾಲಿಗೆ ದಪ್ಪಗಾಗಿ ಗಂಟಲು ಕೆರೆಯುತ್ತದೆ. ಅಂಗಿಗೆ ಹಿಡಿದ ಕಲೆ ಅಂಗಿ ಹರಿದರೂ ಹೋಗುವುದಿಲ್ಲ. ರಸಕ್ಕೆ ಸಬ್ಬಕ್ಕಿಯ ಗಂಜಿ ಬೆರೆಸಿ ಇಟ್ಟರೆ ಒಗರು ಅಡಿಗಿಳಿದು ತಿಳಿ ಮೇಲೆ ನಿಲ್ಲುತ್ತದೆ. ಅದರಿಂದ ಶರಬತ್ತೂ ಆದೀತು, ವೈನೂ ಆದೀತು.

ಗೋವಾದವರು ಇದೇ ಹಣ್ಣಿನಿಂದ ಫೆನಿ ಇಳಿಸಿ 2009ರಲ್ಲಿ ಭೌಗೋಳಿಕ ಮಾನ್ಯತೆ ಪಡೆದರು. ಕೇರಳ ಸರ್ಕಾರ 2022ರಲ್ಲಿ ಹಣ್ಣಿನ ವೈನ್ ತೆಗೆಯುವ ಸಣ್ಣ ವೈನರಿಗಳಿಗೆ ನಿಯಮ ರೂಪಿಸಿತು. ಪಕ್ಕದ ಕಣ್ಣೂರಿನ ಪಯ್ಯಾವೂರಿನಲ್ಲಿ ಸಹಕಾರಿ ಬ್ಯಾಂಕೊಂದಕ್ಕೆ ಗೇರುಹಣ್ಣಿನ ಫೆನಿ ತೆಗೆಯಲು ಒಪ್ಪಿಗೆಯನ್ನೂ ಕೊಟ್ಟಿತು. ನಾಳೆ ನಮ್ಮ ಗುಡ್ಡೆಗೂ ವೈನರಿ ಬಂದೀತು. ಏಪ್ರನ್ನಿನ ಆಚಾರ್ಯ ಬಂದಾನು, ಗ್ಲಾಸು ತಿರುಗಿಸಿಯಾನು. ಮಣ್ಣಿನ ರುಚಿ ಎಂದಾನು.

ಪ್ರಕರಣ 5: ಮಣ್ಣಿನ ರುಚಿ

ಹೇಳುತ್ತೇನೆ, ಬರೆದುಕೊಳ್ಳಿ.

ಎಣ್ಮಕಜೆ, ಕುಂಬಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು, ಪೆರಿಯ, ರಾಜಪುರದ ಕಡೆ, ಚೀಮೇನಿ. ಸಾವಿರಾರು ಹೆಕ್ಟೇರ್ ಗೇರುತೋಟ. ಒಡೆತನ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನದು. ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು-ಮೂರು ಬಾರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಾವಿಗಳಿಗೆ ಮುಚ್ಚಳ ಹಾಕಿ ಎಂದರು. ನಮ್ಮ ಕಡೆ ಅನೇಕ ಮನೆಗಳ ನೀರು ಬಾವಿಯದ್ದಲ್ಲ, ಸುರಂಗದ್ದು: ಗುಡ್ಡೆಯ ಹೊಟ್ಟೆ ಕೊರೆದು ಮುರಕಲ್ಲಿನ ಒರತೆಯನ್ನು ಅಂಗಳಕ್ಕೆ ತರುವ ಏರ್ಪಾಟು. ಮೇಲೆ ಗೇರು, ಕೆಳಗೆ ಸುರಂಗ, ಅದರ ಬಾಯಲ್ಲಿ ಮನೆ. ಗುಡ್ಡೆಗೆ ಮುಚ್ಚಳ ಹಾಕುವುದು ಹೇಗೆ ಮಾರಾಯರೇ?

ಎಣ್ಮಕಜೆಯ ಪಡ್ರೆಯಲ್ಲಿ ಪತ್ರಕರ್ತ ಶ್ರೀಪಡ್ರೆ ಈ ಬಗ್ಗೆ ಬರೆದರು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರು, ಮಣ್ಣು, ಹಾಲು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಇರುವುದನ್ನು ತೋರಿಸಿತು. ಆಮೇಲೆ ತಜ್ಞರು ಬಂದರು. ಸಮಿತಿ, ಉಪಸಮಿತಿ, ಸಮಿತಿಯ ವರದಿಯ ಮೇಲೊಂದು ಸಮಿತಿ. ‘ಕಾಯಿಲೆಗೂ ಎಂಡೋಸಲ್ಫಾನಿಗೂ ನೇರ ಸಂಬಂಧ ಸಾಬೀತಾಗಿಲ್ಲ’ ಎಂಬ ಪಾಂಡಿತ್ಯ. ಕೊನೆಗೆ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು.

ವರ್ಗೀಕರಣ ಕಂಡರೆ ಯಾಕೆ ಮೈ ಉರಿಯುತ್ತದೆ ಎಂದೆನಲ್ಲ. ವೈದ್ಯಕೀಯ ಶಿಬಿರಗಳಲ್ಲಿ ನಮ್ಮ ಮಕ್ಕಳನ್ನೂ ವಿಂಗಡಿಸಿದರು: ಹಾಸಿಗೆ ಹಿಡಿದವರು, ಬುದ್ಧಿಮಾಂದ್ಯರು, ಅಂಗವಿಕಲರು, ಕ್ಯಾನ್ಸರ್ ರೋಗಿಗಳು, ಇತರೆ. ಯಾವ ವರ್ಗಕ್ಕೆ ಐದು ಲಕ್ಷ, ಯಾವುದಕ್ಕೆ ಮೂರು ಎಂದು ಪರಿಹಾರದ ದರ ಗೊತ್ತುಮಾಡಿದರು. ಹೆಚ್ಚಿನವರು ಬಿದ್ದದ್ದು ‘ಇತರೆ’ಗೆ. ಎಲ್ಲರಿಗೂ ಐದು ಲಕ್ಷ ಕೊಡಿ, ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತು. ಐದು ವರ್ಷದ ಬಳಿಕ ಅದೇ ಕೋರ್ಟು ಲೆಕ್ಕ ಕೇಳಿದಾಗ, 3,704 ಸಂತ್ರಸ್ತರ ಪಟ್ಟಿಯಲ್ಲಿ ಆದೇಶದಂತೆ ಹಣ ಸಿಕ್ಕಿದ್ದು 8 ಮಂದಿಗೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ.

ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆಂದು ಊರೂರು ತಿರುಗಿದ ಸಂಸಾರಗಳು ನಮ್ಮಲ್ಲೂ ಉಂಟು. ಬಾಡಿಗೆ ಜೀಪು, ಮಂಗಳೂರು, ಪರಿಯಾರಂ, ತಿರುವನಂತಪುರ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ, ಇಪ್ಪತ್ತು ದಾಟಿಯೂ ಮಗುವಾಗಿಯೇ ಉಳಿದ ಮಗ. ತುತ್ತು ಬಾಯಿಗಿಟ್ಟು, ನುಂಗಲೆಂದು ಅಮ್ಮ ಅವನ ಗಂಟಲು ನೀವುತ್ತಾಳೆ. ಅವನ ನಾಲಿಗೆಗೆ ಏನು ರುಚಿಸುತ್ತದೆಂದು ಕೇಳಲು ಯಾವ ಆಚಾರ್ಯನೂ ಬರಲಿಲ್ಲ. ನಾನು ತಾನೇ ಏನು ಕೇಳಿದೆ? ಪ್ರಬಂಧ ಬರೆಯುತ್ತಿದ್ದೇನೆ.

ಪ್ರಕರಣ 6: ನಿಬಂಧನೆ

ಭಾವನಿಗೆ ಹೇಳಿದ್ದೇನೆ: ಬನ್ನಿ. ಪುಟ್ಟಿಯನ್ನು ಕರೆತನ್ನಿ. ಕಲ್ಪರಸ ಕುಡಿಯಲಿ. ಮನೆ ಹಿಂದಿನ ಮರದ ಗೇರುಹಣ್ಣು ಉಪ್ಪು ಹಾಕಿ ತಿನ್ನಲಿ, ಅಂಗಿ ಹಾಳಾಗಲಿ.

ಸರ್ಕಾರಕ್ಕೂ ಒಂದು ಮಾತು. ಗುಡ್ಡೆಗೆ ವೈನರಿ ಬರುವುದಕ್ಕೆ ನನ್ನ ಅಡ್ಡಿಯಿಲ್ಲ. ಕೊಳೆಯುವ ಹಣ್ಣಿಗೆ ಬೆಲೆ ಬಂದರೆ ಬೀಜ ಹೆಕ್ಕುವವರಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕು, ಮೊದಲ ಪಾಲು ಆ ಮಕ್ಕಳಿರುವ ಮನೆಗಳಿಗೆ ಹೋಗಬೇಕು. ಮತ್ತೆ ಸೀಸೆಯ ಚೀಟಿಯಲ್ಲಿ ಈ ಮಣ್ಣಿನ ಗುಣವನ್ನು ಹೊಗಳುವುದಿದ್ದರೆ ಪೂರ್ತಿ ಬರೆಯಿರಿ: ಮುರಕಲ್ಲು, ಮಳೆ, ಉಪ್ಪುಗಾಳಿ, ಎಂಡೋಸಲ್ಫಾನ್, ಇಪ್ಪತ್ತಕ್ಕೂ ಹೆಚ್ಚು ವರ್ಷ. ಸುರಿದವರ ಹೆಸರನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿ.