ವಸೂಲಿ ಕಾಕಾ

ವಸೂಲಿ ಕಾಕಾ ನಮ್ಮ ಕಡೆ ಊರಿಗೊಬ್ಬನಾದರೂ ಸಿಗುತ್ತಾನೆ. ಗೋಕಾಕದಲ್ಲಿ ಅವನದೊಂದು ಬಟ್ಟೆ ಅಂಗಡಿ ಇದ್ದೀತು, ಮೂಡಲಗಿಯಲ್ಲಿ ಮಾಸ್ತರಿಕೆ ಇದ್ದೀತು, ಹುಕ್ಕೇರಿಯಲ್ಲಿ ನಾಲ್ಕೆಕರೆ ಕಬ್ಬು ಇದ್ದೀತು. ಅದೆಲ್ಲ ಉಳಿದ ದಿನಗಳ ಮಾತು. ಸಾಲಿಗೆ ಸೂಟಿ ಬಿಟ್ಟು, ಅಕ್ಕನವೆರಡು, ತಮ್ಮನವೆರಡು, ತನ್ನವೆರಡು ಅಂತ ಮನೆಯಲ್ಲಿ ಅರ್ಧ ಡಜನ್ ಹುಡುಗರು ಕೂಡಿದರೆಂದರೆ ಅವನ ನಿಜವಾದ ಉದ್ಯೋಗ ಸುರುವಾಯಿತು. ಅಕ್ಕನ ಮಕ್ಕಳಿಗೆ ಅವನು ಮಾಮಾ ಆಗಬೇಕು, ತನ್ನವಕ್ಕೆ ಅಪ್ಪ. ಎರಡೇ ದಿನದಲ್ಲಿ ಎಲ್ಲವೂ ಕಾಕಾ ಎಂದೇ ಕೂಗತೊಡಗುತ್ತವೆ. ಹುಡುಗರ ಹಿಂಡಿನಲ್ಲಿ ಯಾರ ದನಿ ದೊಡ್ಡದೋ ಅವರ ಸಂಬಂಧವೇ ಎಲ್ಲರ ಸಂಬಂಧ.

ಅವನು ಜಿಪುಣನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಜಿಪುಣನಾದವನು ಪಾರ್ಕಿನ ಹೆಸರೆತ್ತಿದರೆ ಮೊಣಕಾಲು ನೋವು ಅನ್ನುತ್ತಾನೆ. ವಸೂಲಿ ಕಾಕಾ ರೊಕ್ಕ ಬಿಚ್ಚುವ ಆಸಾಮಿ. ಕ್ರೂಸರ್ ಮಾತಾಡುತ್ತಾನೆ, ಬುತ್ತಿ ಕಟ್ಟಿಸುತ್ತಾನೆ, ಕೌಂಟರಿನಲ್ಲಿ ಐನೂರರ ನೋಟುಗಳನ್ನು ಉಗುಳು ಹಚ್ಚಿ ಎಣಿಸಿ ಇಡುತ್ತಾನೆ. ಇಟ್ಟ ಗಳಿಗೆಯಿಂದ ಮಾತ್ರ ಅವನ ಮುಖ ಬೇರೆ. ಆ ನೋಟುಗಳು ಸಂಜೆ ಆರರೊಳಗೆ ಮಕ್ಕಳ ಆನಂದದ ರೂಪದಲ್ಲಿ, ಒಂದು ಪೈಸೆ ಬಿಡದೆ, ತಿರುಗಿ ಜಮಾ ಆಗಬೇಕು. "ಎಂಟು ರೈಡ್ ಆದ್ವು, ಇನ್ನ ಹದಿನಾಕು ಅದಾವು. ಏಳ್ರಿ, ಏಳ್ರಿ! ಹಿಂಗ ಕುಂತ್ರ ರೊಕ್ಕ ತಿರುಗತೈತೇನು?"

ಈ ರೋಗದ ಬೇರು ಹಳೆಯದು. 1989ರಲ್ಲಿ ಮುಂಬಯಿಯ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ತೆರೆಯಿತು. ಅದರ ಜಾಹೀರಾತು ಟೀವಿಯಲ್ಲಿ ಬಂದಾಗಲೆಲ್ಲ ಇಂದಿನ ಕಾಕಾ, ಅಂದಿನ ಚಡ್ಡಿ ಹುಡುಗ, ಓಣಿಗೊಂದೇ ಇದ್ದ ಪೆಟ್ಟಿಗೆಯ ಮುಂದೆ ಬಾಯಿ ತೆರೆದು ಕೂತಿರುತ್ತಿದ್ದ. ಹೋಗಲೇಬೇಕೆಂದು ಹಟ ಹಿಡಿದ, ಒಂದು ಹೊತ್ತು ಊಟ ಬಿಟ್ಟ. ಅಪ್ಪ ಸಂತೆಯಿಂದ ಬರುವಾಗ ಗೋಕಾಕದ ಕಟ್ಟಿಗೆಯ ಹಣ್ಣು ತಂದು ಕೈಗಿಟ್ಟ. ಗೋಕಾಕದ ಗೊಂಬೆಗಾರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಬಳಿದ ಹಣ್ಣು ನಿಜದ ಹಣ್ಣಿಗೆ ಸರಿಸಾಟಿ. ಹಸಿದಿದ್ದ ಹುಡುಗ ಕಚ್ಚಿಯೇ ಬಿಟ್ಟನಂತೆ. ಹಲ್ಲು ಅಲುಗಿತು, ಎಸ್ಸೆಲ್ ವರ್ಲ್ಡ್ ಬಾಕಿ ಉಳಿಯಿತು. ಈಗ ಆರು ಹುಡುಗರನ್ನು ಮುಂದಿಟ್ಟುಕೊಂಡು ಆ ಬಾಕಿಗೂ ಬಡ್ಡಿ ಹಾಕಿ ವಸೂಲಿಗೆ ಹೊರಟಿದ್ದಾನೆಂಬುದು ಮನೆಯಲ್ಲಿ ಆಯಿಯೊಬ್ಬಳಿಗೇ ಗೊತ್ತು.

ವಸೂಲಿ ದಾರಿಯಿಂದಲೇ ಹತ್ತುತ್ತದೆ. ಹುಕ್ಕೇರಿಯ ಕಾಕಾಗೆ ಹತ್ತಿರದ್ದೆಂದರೆ ಕೊಲ್ಹಾಪುರದ ಮಗ್ಗುಲಿನ ಕನೇರಿ ಮಠ. ಕ್ರೂಸರ್ ಸಿಗದ ದಿನ ಬಸ್ಸೇ ಗತಿ. 2023ರ ಜೂನ್ 11ರಿಂದ ನಮ್ಮ ರಾಜ್ಯದೊಳಗೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ರಾಜ್ಯ ದಾಟಿ ಹೋಗುವ ಬಸ್ಸಿಗೆ ಆ ಸವಲತ್ತು ಇಲ್ಲ. ಅದಕ್ಕೇ ಸಂಕೇಶ್ವರದಲ್ಲಿ ನೇರ ಕೊಲ್ಹಾಪುರದ ಬಸ್ಸು ಖಾಲಿ ಬಂದು ನಿಂತರೂ ಅವನು ಯಾರನ್ನೂ ಹತ್ತಗೊಡುವುದಿಲ್ಲ. ನಿಪ್ಪಾಣಿ ಬಸ್ಸು ಬರಲಿ! ನಿಪ್ಪಾಣಿಯಲ್ಲಿ ಇಳಿದು ಮಹಾರಾಷ್ಟ್ರದ ಕೆಂಪು ಬಸ್ಸು ಹಿಡಿಯುತ್ತಾನೆ. ಅಲ್ಲಿಯೂ 2023ರ ಮಾರ್ಚ್‌ನಿಂದ, ಅವರ ಗಡಿಯೊಳಗೆ, ಹೆಂಗಸರಿಗೆ ಅರ್ಧ ಟಿಕೆಟ್. ಎರಡು ಸರಕಾರಗಳ ಮಹಿಳಾ ಕಲ್ಯಾಣವನ್ನು ಒಂದೇ ಮುಂಜಾನೆ ವಸೂಲಿ ಮಾಡಿ ಮೀಸೆ ತಿರುವುವಷ್ಟರಲ್ಲಿ, ಬಿಸಿಲಿಗೆ ನಿಂತು ನಿಂತು ಸಣ್ಣ ಹುಡುಗಿ ವಾಂತಿ ಮಾಡಿಕೊಂಡಿರುತ್ತಾಳೆ.

ಕನೇರಿಯ ಸಿದ್ಧಗಿರಿ ಮ್ಯೂಸಿಯಂನಲ್ಲಿ ಹಳೆಯ ಹಳ್ಳಿಯ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ನಿಲ್ಲಿಸಿದ್ದಾರೆ. ಕಂಬಾರ, ಕುಂಬಾರ, ಬಡಿಗ, ಹೊಲ ಉಳುವವ, ಬೀಸುವವಳು. ಕೂದಲು, ಸುಕ್ಕು, ಸೀರೆಯ ನಿರಿಗೆ ಎಲ್ಲ ಇದ್ದಂತೇ ಇವೆ. ಮನೆಯ ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಕಟ್ಟಿದ್ದರೂ ಎಂದೂ ಅತ್ತ ಹಾಯದ ಹುಡುಗರಿಗೆ ಕಾಕಾ ಇಲ್ಲಿ ಟಿಕೆಟ್ ತೆಗೆಸಿ ದನಕರು ತೋರಿಸುತ್ತಾನೆ. "ನೋಡ್ರಿ, ಛಂದಾಗಿ ನೋಡ್ರಿ, ಪರೀಕ್ಷಾದಾಗ ಬರತೈತಿ." ಹುಡುಗರಿಗೆ ಒಂದೇ ಸಂಶಯ: "ಕಾಕಾ, ಇವರು ಯಾಕ ಅಲಗ್ಯಾಡವಲ್ರು?" ಈ ಗದ್ದಲದಲ್ಲಿ ಆಯಿ ಬೀಸುವ ಮೂರ್ತಿಯ ಮುಂದೆ ಕಾಲು ಮಡಚಿ ಕೂತುಬಿಟ್ಟಿರುತ್ತಾಳೆ. "ಎಷ್ಟೊತ್ತಾತ ಯವ್ವಾ ಬೀಸಾಕ ಹತ್ತಿ? ಸೊಸಿ ಇಲ್ಲೇನ ಮನ್ಯಾಗ?" ಎಂದು ಅದರ ಕೂಡ ಮಾತಿಗಿಳಿದರೆ ಎಬ್ಬಿಸುವುದು ಕಷ್ಟ. ಟಿಕೆಟಿನ ರೊಕ್ಕ ಪೂರಾ ವಸೂಲಾದದ್ದು ಅವಳೊಬ್ಬಳದೇ. ಕಾಕಾನ ಲೆಕ್ಕದಲ್ಲಿ ಅದು ಬರುವುದಿಲ್ಲ, ಏಕೆಂದರೆ ಅವಳು ಮುಂದಿನ ಎಂಟು ದೃಶ್ಯ ನೋಡಲೇ ಇಲ್ಲ.

ವಂಡರ್‌ಲಾಕ್ಕೆ ಹೋಗುವುದೆಂದರೆ ತೀರ್ಥಯಾತ್ರೆಯ ಸಡಗರ. ಅದು 2005ರಿಂದ ಬೆಂಗಳೂರಿನಾಚೆ ಬಿಡದಿಯಲ್ಲಿದೆ. ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚನ್ನಮ್ಮ ಹತ್ತಿದರೆ ರಾತ್ರಿಯಿಡೀ ಪಯಣ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರಾ ಟಿಕೆಟ್, ಬೇಡವೆಂದರೆ ಅರ್ಧ ಎಂದು ರೈಲಿನವರು 2016ರಲ್ಲಿ ಮಾಡಿಟ್ಟ ಕಾಯಿದೆ ಕಾಕಾಗೆ ಬಾಯಿಪಾಠ. ಹೀಗಾಗಿ ಒಂದೇ ಬರ್ತಿನಲ್ಲಿ ತಲೆಯ ಕಡೆ ಒಂದು, ಕಾಲ ಕಡೆ ಒಂದು ಹುಡುಗ, ನಡುವೆ ಕಾಕು. ಹಾವೇರಿ ದಾಟುವ ಹೊತ್ತಿಗೆ ಅವಳು ಎದ್ದು ಕೂತು, ತವರಿನವರು ನೋಡಿದ್ದ ಇನ್ನೊಂದು ವರನ ನೆನಪು ತೆಗೆಯುತ್ತಾಳೆ.

ಪಾರ್ಕಿನ ಗೇಟಿನಲ್ಲಿ ವಯಸ್ಸಿಗೆ ಬೆಲೆಯಿಲ್ಲ, ಎತ್ತರಕ್ಕೆ ಬೆಲೆ. 85 ಸೆಂಟಿಮೀಟರಿಗಿಂತ ಕೆಳಗಿದ್ದ ಕೂಸಿಗೆ ಪುಕ್ಕಟೆ, 140ರ ತನಕ ಮಕ್ಕಳ ಟಿಕೆಟ್, ಅದರಾಚೆ ದೊಡ್ಡವರದು. ಒಳಗೆ ಹೋದರೆ ಎದೆ ಝಲ್ಲೆನ್ನಿಸುವ ಕೆಲವು ರೈಡುಗಳಿಗೆ ಮತ್ತೆ ಅದೇ 140ರ ಗೆರೆ, ಆದರೆ ಉಲ್ಟಾ: ಅಷ್ಟಿಲ್ಲದವರಿಗೆ ಪ್ರವೇಶವಿಲ್ಲ. ಮೂಡಲಗಿಯ ದನದ ಸಂತೆಯಲ್ಲಿ ಬಾಯಿ ತೆರೆಸಿ ಹಲ್ಲು ನೋಡದೆ ಎತ್ತಿನ ವಯಸ್ಸು ನಂಬದ ಮನುಷ್ಯ, ಇಲ್ಲಿ ತಮ್ಮನ ಮಗನ ಅಳತೆಯನ್ನು ಬರೇ ಬಾಯಿಮಾತಿನಲ್ಲಿ ನಂಬಿರಿ ಅನ್ನುತ್ತಾನೆ. ಕೌಂಟರಿನ ಮುಂದೆ ಹುಡುಗನ ಕಿವಿಯಲ್ಲಿ, "ಮೊಣಕಾಲ ಸ್ವಲ್ಪ ಮಡಚಲೇ. ಕುತಗಿ ಒಳಗ ತಗೋ." ಹುಡುಗ ಆಮೆಯಾದ. ಮಕ್ಕಳ ಟಿಕೆಟ್ ಸಿಕ್ಕಿತು. ಅರ್ಧ ತಾಸಿನ ಮೇಲೆ ದೊಡ್ಡ ರೈಡಿನ ಮುಂದೆ ಅದೇ ಕಿವಿಯಲ್ಲಿ, "ಹೆಬ್ಬಟ್ಟಿನ ಮ್ಯಾಲ ನಿಂದ್ರಲೇ. ಕೂದಲ ಮ್ಯಾಲ ಎತ್ತಿಕೋ."

"ಕಾಕಾ, ನಾ ಈಗ ಗಿಡ್ಡೋ ಉದ್ದೋ?"

ರೈಡಿನ ಹುಡುಗ ಬೆಂಗಳೂರಿನವನು. ಕೈಪಟ್ಟಿ ನೋಡಿ ನಕ್ಕ. "ಏನ್ ಸಾರ್, ಅರ್ಧ ಗಂಟೇಲಿ ಇಷ್ಟುದ್ದ ಬೆಳೆದ್ಬಿಟ್ನಾ?" ಕಾಕಾ ಒಂದಿಷ್ಟೂ ಕದಲಲಿಲ್ಲ. "ನಮ್ಮ ಕಡೆ ನೀರಾವರಿ ಭೂಮಿ ಐತ್ರೀ," ಅಂದ.

ಹೆದ್ದಾರಿ ಪಕ್ಕದ ಸಣ್ಣಪುಟ್ಟ ವಾಟರ್ ಪಾರ್ಕುಗಳಲ್ಲಿ ಯುದ್ಧ ಬೇರೆ ತರಹದ್ದು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಎಲ್ಲ ಗೇಟಿನ ಟೇಬಲ್ಲಿನ ಮೇಲೆ ಸಾಲಾಗಿ ಬಂದು ಕೂಡುತ್ತವೆ. ಕಾಕಾನ ಕೊನೆಯ ಅಸ್ತ್ರ ಗೋಕಾಕದ ಕರದಂಟು. ಅದನ್ನು ಟವೆಲ್ಲಿನಲ್ಲಿ ಸುತ್ತಿ, ಟವೆಲ್ಲನ್ನು ಮಕ್ಕಳ ಚಡ್ಡಿಗಳ ನಡುವೆ ಹುದುಗಿಸಿ ತಂದಿದ್ದ. ಕಾವಲುಗಾರ ಅದನ್ನೂ ಹೊರತೆಗೆದ.

"ಇದು ತಿಂಡಿ ಅಲ್ರೀ, ಔಷಧ. ತುಪ್ಪದಾಗ ಹುರಿದ ಅಂಟು, ಕೊಬ್ಬರಿ, ಬೆಲ್ಲ. ನಡಾ ಗಟ್ಟಿ ಆಗಾಕ ಬಾಣಂತ್ಯಾರಿಗೆ ಕೊಡೂದು."

"ಬಾಣಂತಿ ಯಾರ್ರೀ ಇಲ್ಲಿ?"

ಕಾಕಾ ಹಿಂದೆ ನೋಡಿದ. ಕಾಕು ಮುಂದೆ ಹೋಗಿಬಿಟ್ಟಿದ್ದಳು. ಉಳಿದಿದ್ದವಳು ಎಪ್ಪತ್ತು ದಾಟಿದ ಆಯಿ. ಕಾವಲುಗಾರ ಅವಳನ್ನೊಮ್ಮೆ, ಕರದಂಟನ್ನೊಮ್ಮೆ ನೋಡಿದ. ಆಯಿ ಸೆರಗು ಸರಿಮಾಡಿಕೊಂಡು, "ಹೌದಪಾ, ಇವನ್ನ ಹಡದ ಬ್ಯಾನಿ ನನಗಿನ್ನೂ ಹೋಗಿಲ್ಲ," ಅಂದಳು. ಕರದಂಟು ಒಳಗೆ ಹೋಯಿತು. ಇಂಥ ವಾದಕ್ಕೆ ಉತ್ತರ ಕೊಡುವ ಕಾವಲುಗಾರ ಇನ್ನೂ ಹುಟ್ಟಿಲ್ಲ.

ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕು. ಕಾಟನ್ ನೀರಿನಲ್ಲಿ ಎಳೆ ಬಿಡುತ್ತದೆ, ಎಳೆ ಹೋಗಿ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಕಾಕಾನ ಪಟ್ಟಾಪಟ್ಟಿ ಚಡ್ಡಿ ಅಲ್ಲಿಗೇ ರದ್ದು. ಬಾಡಿಗೆಗೆ ಕೊಟ್ಟ ಹೂವಿನ ಚಿತ್ರದ ಬಿಗಿ ನೈಲಾನ್ ಚಡ್ಡಿಯಲ್ಲಿ ಅವನು ಹೊರಬಂದಾಗ ಇಡೀ ದಿನ ಅಳುತ್ತಿದ್ದ ಕೂಸೂ ನಕ್ಕಿತು. ಆ ಒಂದು ನಗೆಗೆ ಎಷ್ಟು ಜಮಾ ಹಿಡಿಯಬೇಕೆಂದು ಅವನಿಗೆ ತಿಳಿಯಲಿಲ್ಲ, ಬಾಡಿಗೆಯ ಖಾತೆಗೆ ಬರೆದುಕೊಂಡ.

ಜಾತ್ರೆಯಲ್ಲಿ ಇದೇ ಕಾಕಾ ಎಷ್ಟು ಸಮಾಧಾನಿ! ವರ್ಷಗಟ್ಟಲೆ ಕಾಯಿಸಿ ಬರುವ ಗೋಕಾಕದ ಲಕ್ಷ್ಮೀ ಜಾತ್ರೆಯಲ್ಲಿ ಅವನನ್ನು ನೋಡಬೇಕು. ಅಲ್ಲಿ ತಿರುಗುವ ತೊಟ್ಟಿಲಿಗೆ ಬೇರೆ ದುಡ್ಡು, ಕೊಲಂಬಸ್ ಹಡಗಿಗೆ ಬೇರೆ ದುಡ್ಡು, ಮೌತ್ ಕಾ ಕುವಾದಲ್ಲಿ ಮೋಟರ್‌ಸೈಕಲ್ ಸುತ್ತುವುದನ್ನು ನೋಡಲು ಬೇರೆ ದುಡ್ಡು. ಹುಡುಗ ಅಂಜಿ ಅತ್ತರೆ ಇಳಿಸಿಕೊಂಡ, ಹೋದದ್ದು ಒಂದು ತೊಟ್ಟಿಲಿನ ರೊಕ್ಕ, ಮೇಲೊಂದು ಪೀಪಿ ಕೊಡಿಸಿದರೆ ಮಾತು ಮುಗಿಯಿತು. ಡಿಸ್ನಿಲ್ಯಾಂಡೂ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ತೆರೆದಾಗ ಜಾತ್ರೆಯ ಪದ್ಧತಿಯಲ್ಲೇ ನಡೆಯಿತು, ಆಟಕ್ಕೊಂದು ಚೀಟಿ. ಮುಂದೆ ಚೀಟಿಗಳಿಗೆ ಎ, ಬಿ, ಸಿ ಎಂದು ದರ್ಜೆ ಹಚ್ಚಿ ಪುಸ್ತಕ ಮಾಡಿ ಮಾರಿದರು. 1982ರಲ್ಲಿ ಆ ಪುಸ್ತಕ ತೆಗೆದುಹಾಕಿ ಗೇಟಿನಲ್ಲೇ ಒಂದು ಟಿಕೆಟ್, ಒಳಗೆ ಎಷ್ಟಾದರೂ ಆಡು ಅಂದರು. ವಸೂಲಿ ಕಾಕಾನ ತಳಿ ಹುಟ್ಟಿದ್ದು ಅಲ್ಲಿಂದ ಎಂದು ನನ್ನ ವಾದ. "ಎಷ್ಟಾದರೂ" ಎಂದು ಕೇಳಿದ ಕಿವಿಗೆ ಆಮೇಲೆ ಯಾವುದೂ ಸಾಕಾಗುವುದಿಲ್ಲ. ಹಾಗೆಂದು ಡಿಸ್ನಿಯ ಮೊದಲ ದಿನ ನಕಲಿ ಚೀಟಿ ಹಿಡಿದು ಒಳನುಗ್ಗಿದವರ ಮಟ್ಟಕ್ಕೆ ನಮ್ಮ ಕಾಕಾ ಇಳಿಯುವವನಲ್ಲ. ಮೊಣಕಾಲು ಮಡಚಿಸುವಲ್ಲಿಗೆ ಅವನ ಅಪರಾಧ ಮುಗಿಯಿತು.

ನನ್ನ ವಾದಕ್ಕೆ ಸಾಕ್ಷಿ ಬೇಕೆಂದರೆ ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋಗಿ ನೋಡಿ. ಘಟಪ್ರಭೆ ಕುದುರೆಯ ಲಾಳದ ಆಕಾರದ ಬಂಡೆಯಿಂದ 171 ಅಡಿ ಕೆಳಗೆ ಕೆಂಪಗೆ ದುಮುಕುತ್ತಿರುತ್ತಾಳೆ. ಗಿರಣಿಯವರು 1887ರಲ್ಲೇ ಈ ನೀರಿನಿಂದ ಯಂತ್ರ ತಿರುಗಿಸಿ ವಸೂಲಿ ಮಾಡಿಕೊಂಡಿದ್ದಾರೆ, ಕಾಕಾಗೆ ಉಳಿದದ್ದು ಬರೇ ನೋಡುವುದು. ಸುಟ್ಟ ಗೋಂಜಾಳ ತೆನಿ ಕಡಿಯುತ್ತ ಅವನು ಕಲ್ಲಿನ ಮೇಲೆ ಕೂತುಬಿಟ್ಟರೆ ಗಡಿಯಾರದ ನೆನಪಿಲ್ಲ. ಹುಡುಗರು ತುಂತುರಿನಲ್ಲಿ ತೊಯ್ದರೂ ಬೈಗಳಿಲ್ಲ. "ಹೋಗೂನೇನ್ರೀ?" ಎಂದು ಕಾಕು ಕೇಳಿದರೆ, "ಏನ ಅವಸರ? ನೀರ ಎಲ್ಲಿ ಓಡಿ ಹೊಂಟೈತಿ?" ಅನ್ನುತ್ತಾನೆ. ನೀರು ಅವನ ಕಣ್ಣೆದುರೇ ಓಡಿ ಹೊರಟಿರುತ್ತದೆ.

ಸಣ್ಣ ಮಕ್ಕಳ ಲೆಕ್ಕವೇ ಬೇರೆ, ಅದು ಕಾಕಾನ ವಹಿಯಲ್ಲಿ ಕೂಡುವುದಿಲ್ಲ. ನಾಲ್ಕು ವರ್ಷದವನು ಜಾರಗುಂಡಿಯ ಮೆಟ್ಟಿಲ ಕೆಳಗೆ ಇರುವೆ ಸಾಲು ನೋಡುತ್ತ ಕೂತ. ಐದರವಳಿಗೆ ಐಸ್‌ಕ್ರೀಮಿನ ಕಡ್ಡಿ ಸಾಕಾಗಿತ್ತು, ಅಂಥವು ಏಳೆಂಟು ಆರಿಸಿ ಚೀಲದಲ್ಲಿ ತುಂಬಿಕೊಂಡಳು. ಪುಟಾಣಿ ರೈಲಿನಲ್ಲಿ ಒಮ್ಮೆ ಕೂತವನು ಇಳಿಯಲೇ ಒಲ್ಲ. ಕಾಕಾ ಬಿಸಿಲಿನಲ್ಲಿ ನಿಂತು, "ಅಲ್ಲಿ ದೊಡ್ಡ ರೈಡ್ ಖಾಲಿ ಐತಲೇ, ಬಾರಲೇ!" ಎಂದು ಕೂಗಿ ಕೂಗಿ ದನಿ ಒಡೆದುಕೊಂಡ. ಕೊನೆಗೆ ಸಿಟ್ಟಿಗೆದ್ದು ದೊಡ್ಡ ರೈಡಿಗೆ ತಾನೊಬ್ಬನೇ ಹತ್ತಿದ, ಆರು ಮಕ್ಕಳ ಪಾಲನ್ನೂ ತಾನೇ ವಸೂಲಿ ಮಾಡುವವನಂತೆ. ಇಳಿದ ಮೇಲೆ ಹತ್ತು ನಿಮಿಷ ಗೋಡೆ ಹಿಡಿದು ನಿಂತಿದ್ದ. ಆಯಿ ಕರದಂಟಿನ ತುಣುಕು ಬಾಯಿಗಿಟ್ಟಳು. ಒಳಗೆ ತಂದದ್ದು ಕೆಲಸಕ್ಕೆ ಬಂತು.

ರಾತ್ರಿ ಗಾಡಿಯಲ್ಲಿ ವಿಚಾರಣೆ. ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಒರಗಿ ತೂಕಡಿಸುತ್ತಿರುತ್ತಾರೆ. ಕಾಕಾ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾನೆ. "ಹೇಳಲೇ, ಯಾವುದು ಭಾಳ ಛಲೋ ಇತ್ತು?"

ಹಿರಿಯ ಹುಡುಗ ಹಲ್ಲು ಕಚ್ಚಿಕೊಂಡು ದೊಡ್ಡ ರೈಡಿನ ಹೆಸರು ಹೇಳಿ ಪಾರಾದ. ಸಣ್ಣವನಿಗೆ ಸುಳ್ಳು ಇನ್ನೂ ಬರುವುದಿಲ್ಲ.

"ಸಂಡಾಸದಾಗ ಕೈ ಒಣಗಿಸೂ ಮಷಿನ್ ಇತ್ತಲ್ಲ ಕಾಕಾ, ಅದು! ಕೈ ಹಿಡದ್ರ ಗಾಳಿ ಬರತಿತ್ತು."

ಗಾಡಿಯಲ್ಲಿ ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಕಾಕು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು, ಹೆಗಲು ಕುಣಿಯುತ್ತಿತ್ತು. ಕಾಕಾ ಮಾತ್ರ ಬೆರಳು ಮಡಚಿ ಏನೋ ಕೂಡಿಸುತ್ತಿದ್ದ.

"ಅದಕ್ಕ ಬ್ಯಾರೆ ರೊಕ್ಕ ತಗೊಂಡಿಲ್ಲಲ್ಲ?"

"ಇಲ್ಲ."

"ಎಷ್ಟ ಸಲ ಹಿಡದಿ ಕೈ?"

"ಭಾಳ ಸಲ."

"ಭಾಳ ಅಂದ್ರ ಎಷ್ಟಲೇ? ಎಣಿಸಬೇಕೋ ಬ್ಯಾಡೋ!"