ಆಶ್ರಿತಮತ ಮೀಮಾಂಸೆ: ಪ್ರಥಮಾಧ್ಯಾಯ

ಇನ್ನು ಅಮೆರಿಕದ ಮತದಾರನ ಜಿಜ್ಞಾಸೆ. ಪೂರ್ವಪಕ್ಷದ ಲಕ್ಷಣವಾಕ್ಯ ಹೀಗಿದೆ: ಸರಕಾರದ ಅನ್ನ ಉಣ್ಣುವವನು ಡೆಮಾಕ್ರಾಟ್, ಬೆವರು ಸುರಿಸಿ ಸಿರಿವಂತನಾದವನು ರಿಪಬ್ಲಿಕನ್.

ಈ ಮತದ ಪರಮಾಚಾರ್ಯರು 2012ರ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಮಿಟ್ ರಾಮ್ನಿ. ಆ ವರ್ಷದ ಮೇ ತಿಂಗಳಲ್ಲಿ ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ, ತಲೆಗೆ 50,000 ಡಾಲರ್ ತೆತ್ತು ಊಟಕ್ಕೆ ಕುಳಿತ ಪಂಕ್ತಿಗೆ ಅವರು ಉಪದೇಶಿಸಿದರು: ದೇಶದ ಶೇ. 47 ಮಂದಿ ಆದಾಯ ತೆರಿಗೆ ಕಟ್ಟುವುದಿಲ್ಲ, ಸರಕಾರಕ್ಕೆ ಜೋತುಬಿದ್ದಿದ್ದಾರೆ, ಏನೇ ಆದರೂ ಅಧ್ಯಕ್ಷ ಒಬಾಮಾಗೇ ಓಟು ಹಾಕುತ್ತಾರೆ. ರಹಸ್ಯೋಪದೇಶವಾದ್ದರಿಂದ ಯಾರೋ ಕ್ಯಾಮೆರಾ ಇಟ್ಟಿದ್ದರು. ಆ ಶೇ. 47ರಲ್ಲಿ ನಿವೃತ್ತರೂ ಇದ್ದರು, ಸಂಬಳದಲ್ಲೇ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಮುರಿಸಿಕೊಳ್ಳುವ ದುಡಿಮೆಗಾರರೂ ಇದ್ದರು. ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ 65 ದಾಟಿದವರಲ್ಲಿ ಹೆಚ್ಚಿನವರು ಓಟು ಹಾಕಿದ್ದು ಆಚಾರ್ಯರಿಗೇ.

ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳು: ಅವ್ಯಾಪ್ತಿ (ಸೇರಬೇಕಾದ್ದನ್ನು ಬಿಡುವುದು), ಅತಿವ್ಯಾಪ್ತಿ (ಸೇರಬಾರದ್ದನ್ನು ಸೇರಿಸುವುದು), ಅಸಂಭವ (ಎಲ್ಲೂ ಹೊಂದದಿರುವುದು). ಒಂದಿದ್ದರೂ ಲಕ್ಷಣ ಕೆಟ್ಟಿತು. ಇಲ್ಲಿ ಮೂರೂ ಸಪರಿವಾರ ಆಗಮಿಸಿವೆ.

ಸಿರಿವಂತಿಕೆಯೇ ರಿಪಬ್ಲಿಕನ್ನನ ಗುರುತಾದರೆ ಕೆಂಟಕಿಯ ಔಸ್ಲಿ ಕೌಂಟಿ ಹೊರಗುಳಿಯುತ್ತದೆ; ಇದು ಅವ್ಯಾಪ್ತಿ. ದೇಶದ ಕಡುಬಡ ಕೌಂಟಿಗಳಲ್ಲೊಂದು; ಸರಕಾರದ ಆಹಾರ ನೆರವಾದ ಫುಡ್ ಸ್ಟಾಂಪ್ ನಂಬಿದ ಮನೆಗಳೇ ಬಹಳ. 2012ರಲ್ಲಿ ಅಲ್ಲಿನ ಶೇ. 80ರಷ್ಟು ಓಟು ರಾಮ್ನಿಗೆ ಬಿತ್ತು. ಅತ್ತ ವರ್ಜೀನಿಯಾದ ಲೌಡನ್, ಮನೆವಾರು ಆದಾಯದಲ್ಲಿ ದೇಶದ ತುತ್ತತುದಿಯ ಕೌಂಟಿ, ಒಬಾಮಾರನ್ನು ಎರಡು ಸಲವೂ ಗೆಲ್ಲಿಸಿತು; ಇದು ಅತಿವ್ಯಾಪ್ತಿ.

ಹಾಗಾದರೆ ಬಡವರೆಲ್ಲ ರಿಪಬ್ಲಿಕನ್ನರೋ ಎಂದರೆ, ಅದೂ ಆತುರದ ಮಾತು. ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ 2008ರ ಗ್ರಂಥದಲ್ಲಿ ತೋರಿಸಿದಂತೆ, ಸಿರಿವಂತ ರಾಜ್ಯಗಳು ಡೆಮಾಕ್ರಾಟರತ್ತ ವಾಲಿದರೂ ರಾಜ್ಯದೊಳಗೆ ಹಣವುಳ್ಳವರು ರಿಪಬ್ಲಿಕನ್ನರತ್ತಲೇ ವಾಲುತ್ತಿದ್ದರು. ಮಿಸಿಸಿಪ್ಪಿಯಲ್ಲಿ ಬಹಳ, ಕನೆಕ್ಟಿಕಟ್‌ನಲ್ಲಿ ನಾಮಮಾತ್ರಕ್ಕೆ. ಪತ್ರಕರ್ತ ಅಲೆಕ್ ಮ್ಯಾಕ್‌ಗಿಲ್ಲಿಸ್ 2015ರಲ್ಲಿ ಇನ್ನೊಂದು ಗಂಟು ಬಿಚ್ಚಿದರು: ಇಂಥ ಬಡ ಊರುಗಳಲ್ಲಿ ನೆರವು ಪಡೆಯುವವರಲ್ಲಿ ಬಹಳ ಜನ ಮತಗಟ್ಟೆಗೇ ಹೋಗುವುದಿಲ್ಲ. ಹೋಗುವವನು ಒಂದು ಮೆಟ್ಟಿಲು ಮೇಲಿನವನು; ಪಕ್ಕದ ಮನೆಯವನ ಫುಡ್ ಸ್ಟಾಂಪ್ ಕಂಡರೆ ಅವನ ಹೊಟ್ಟೆ ಉರಿಯುತ್ತದೆ. ಭಾಷ್ಯಕಾರನ ಮಟ್ಟಿಗೆ ಈ ಹೊಟ್ಟೆಯುರಿಯಷ್ಟು ಗಟ್ಟಿ ಪ್ರಮಾಣ ಬೇರಿಲ್ಲ.

ಅಸಂಭವದ್ದು ರಸವತ್ತಾದ ಪ್ರಕರಣ. ನೆರವು ಪಡೆದವನಿಗೇ ಪಡೆದದ್ದು ಗೊತ್ತಿಲ್ಲದಿದ್ದರೆ ಆಶ್ರಿತನನ್ನು ಗುರುತಿಸುವುದು ಹೇಗೆ? 2009ರಲ್ಲಿ ದಕ್ಷಿಣ ಕ್ಯಾರೊಲಿನಾದ ಸಭೆಯೊಂದರಲ್ಲಿ ಒಬ್ಬ ಹಿರಿಯರು ಸಂಸದ ಬಾಬ್ ಇಂಗ್ಲಿಸ್‌ಗೆ ತಾಕೀತು ಮಾಡಿದರು, ನನ್ನ ಆರೋಗ್ಯವಿಮೆ ಮೆಡಿಕೇರ್‌ಗೆ ಸರಕಾರ ಕೈಹಾಕಕೂಡದು ಎಂದು. ಅದು ಸರಕಾರದ್ದೇ ಯೋಜನೆ ಸ್ವಾಮಿ ಎಂದು ಇಂಗ್ಲಿಸ್ ತಿಳಿಹೇಳಿದರು, ಹಿರಿಯರು ಒಪ್ಪಲಿಲ್ಲ. ನಟ ಕ್ರೇಗ್ ಟಿ. ನೆಲ್ಸನ್ ಅದೇ ವರ್ಷ ಟಿವಿಯಲ್ಲಿ, ತಾನು ಫುಡ್ ಸ್ಟಾಂಪಿನಲ್ಲೂ ವೆಲ್ಫೇರಿನಲ್ಲೂ ಬದುಕಿದ್ದೆ, ಆಗ ಯಾರಾದರೂ ಸಹಾಯ ಮಾಡಿದರೇ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ರಾಜ್ಯಶಾಸ್ತ್ರಜ್ಞೆ ಸುಝಾನ್ ಮೆಟ್ಲರ್ ಇದಕ್ಕೆ ಅಂಕಿ ಒದಗಿಸಿದ್ದಾರೆ. ಸರಕಾರದ ಯಾವ ಯೋಜನೆಯನ್ನೂ ಬಳಸಿಲ್ಲ ಎಂದವರು, ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪಡೆದವರಲ್ಲಿ ಶೇ. 44, ಮನೆಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ ಶೇ. 60. ದೊಡ್ಡ ಮನೆ, ದೊಡ್ಡ ಸಾಲ, ದೊಡ್ಡ ವಿನಾಯಿತಿ. ಅದಕ್ಕೆ ಸರದಿಯಲ್ಲಿ ನಿಲ್ಲಬೇಕಿಲ್ಲವಾದ್ದರಿಂದ ಭಿಕ್ಷೆಯೆಂಬ ಹೆಸರೂ ಅಂಟುವುದಿಲ್ಲ.

ದ್ವಿತೀಯಾಧ್ಯಾಯಕ್ಕೆ ಶುದ್ಧ ಸ್ವಾವಲಂಬಿ ಮತದಾರನ ಒಂದು ಮಾದರಿ ಬೇಕಾಗಿದೆ. ಅಂಥವನನ್ನು ಬಲ್ಲ ಓದುಗರು ಅವನ ತೆರಿಗೆ ಫಾರಂ ಸಮೇತ ಕಳುಹಿಸಿಕೊಡಬೇಕೆಂದು ವಿನಂತಿ. ಮನೆಸಾಲದ ಪುಟವನ್ನು ಹರಿದಿರಬಾರದು.