ತಪ್ಪಿಗೆ ಬೆಲೆ ಕಟ್ಟುವ ರಾಯರು

ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಗೆ ಮಕ್ಕಳ ಮನೆಗೆಂದು ಬಂದಿಳಿಯುವ ಅಪ್ಪಂದಿರಲ್ಲಿ ನಾನಾ ಪಂಗಡಗಳಿವೆ. ಮಫ್ಲರ್ ಸುತ್ತಿಕೊಂಡು ಪಾರ್ಕಿನ ಬೆಂಚಿನ ಮೇಲೆ ಕೂತು ವಿಧಾನಸೌಧವನ್ನು ರಿಪೇರಿ ಮಾಡುವವರು ಒಂದು ಪಂಗಡ. ಯೂನಿಯನ್ ಲ್ಯಾಂಡಿಂಗಿನ ಅಂಗಡಿಗಳಲ್ಲಿ ಎಲ್ಲ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ, ಏನೂ ಕೊಳ್ಳದೆ ಗೆದ್ದವರಂತೆ ಹೊರಬರುವವರು ಇನ್ನೊಂದು. ನಮ್ಮ ರಾಯರು ಇವೆರಡಕ್ಕೂ ಸೇರಿದವರಲ್ಲ. ಅವರ ಅಂಗಿಯ ಜೇಬಿನಲ್ಲಿ ಅಕ್ಕಸಾಲಿಗರು ಕಣ್ಣಿಗಿಡುವಂಥ ಹತ್ತು ಪಟ್ಟಿನ ಲೂಪ್ ಇರುತ್ತದೆ. ನೀವು ಚಿಲ್ಲರೆ ತೆಗೆದಿರೋ, ಕೆಟ್ಟಿರಿ.

ರಾಯರು ಊರಲ್ಲಿ ಬ್ಯಾಂಕ್ ಕ್ಯಾಷಿಯರ್ ಆಗಿದ್ದವರು. ಸಂಜೆ ಲೆಕ್ಕದಲ್ಲಿ ಎಂಟಾಣೆ ಹೆಚ್ಚು ಕಮ್ಮಿಯಾದರೂ ಅದು ಸಿಗುವ ತನಕ ಮ್ಯಾನೇಜರನ್ನೂ ಮನೆಗೆ ಬಿಡುತ್ತಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಈ ಪ್ರತಿಭೆ ಸಾರಿನ ಉಪ್ಪು, ಸೊಸೆಯ ಕನ್ನಡ, ಮೊಮ್ಮಗನ ಕೈಬರಹಗಳ ಮೇಲೆ ಹರಿಯಿತು. ಅದಕ್ಕೆ ಮನೆಯಲ್ಲಿ ಯಾರೂ ಮೂರು ಕಾಸು ಕೊಡಲಿಲ್ಲ. ಆಮೇಲೆ ಒಂದು ದಿನ ಅವರಿಗೆ ಗೊತ್ತಾಯಿತು: ಈ ಲೋಕದಲ್ಲಿ ತಪ್ಪಿಗೆ ದುಡ್ಡು ಕೊಡುವ ಜಾಗವೂ ಒಂದಿದೆ, ತಪ್ಪಾಗಿ ಅಚ್ಚಾದ ನಾಣ್ಯಗಳ ಪೇಟೆ.

‘ಒಂದು ಪೆನ್ನಿಗೆ ಲಕ್ಷ ಡಾಲರ್ ಸ್ವಾಮಿ!’ ಎನ್ನುತ್ತಾರೆ. ಉತ್ಪ್ರೇಕ್ಷೆಯಲ್ಲ. 1969ರ ಪೆನ್ನಿ (ಒಂದು ಸೆಂಟಿನ ನಾಣ್ಯ), ಇಸವಿಯ ಕೆಳಗೆ ಪುಟ್ಟ ಎಸ್ ಅಕ್ಷರ, ಅಂದರೆ ಇಲ್ಲೇ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯದು. ಅದರಲ್ಲಿ ಕೆಲವೇ ಕೆಲವಕ್ಕೆ ಅಕ್ಷರಗಳೂ ಇಸವಿಯೂ ಎರಡೆರಡಾಗಿ ಬಿದ್ದಿವೆ. ಮೊದಮೊದಲು ಸಿಕ್ಕವನ್ನು ಖೋಟಾ ಎಂದುಕೊಂಡು ಸೀಕ್ರೆಟ್ ಸರ್ವಿಸಿನವರೇ ವಶಪಡಿಸಿಕೊಂಡಿದ್ದರು. 2008ರಲ್ಲಿ ಒಂದು ಹರಾಜಾದದ್ದು ಲಕ್ಷ ಡಾಲರಿಗೂ ಮೇಲೆ. ಈ ಕಥೆ ಕೇಳಿದ ಮೇಲೆ ರಾಯರು ಮಗನನ್ನು ಕಾಡಿ, ಬಾರ್ಟ್ ರೈಲು ಹತ್ತಿಸಿಕೊಂಡು ಹೋಗಿ ಆ ಟಂಕಸಾಲೆಯನ್ನು ನೋಡಿ ಬಂದರು. ಒಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೀದಿಯಲ್ಲೇ ಚಪ್ಪಲಿ ಬಿಟ್ಟು ಕೈಮುಗಿದರು ಎಂದು ಸೊಸೆ ಹೇಳುತ್ತಾಳೆ. ಚಪ್ಪಲಿಯ ಮಾತು ಸುಳ್ಳು ಎಂದು ರಾಯರು ಹೇಳುತ್ತಾರೆ.

ಅವರ ಕಸುಬಿನ ಕ್ರಮ ಹೀಗೆ. ಮಗ ಬ್ಯಾಂಕಿಗೆ ಹೋಗಿ ಇಪ್ಪತ್ತೈದು ಡಾಲರ್ ಕೊಟ್ಟು ಒಂದು ಪೆಟ್ಟಿಗೆ ಪೆನ್ನಿ ತರಬೇಕು. ಐವತ್ತರ ಸುರುಳಿಗಳು ಐವತ್ತು, ಒಟ್ಟು 2,500 ನಾಣ್ಯ, ಆರು ಕೇಜಿಗೂ ಮೇಲೆ ತೂಕ. ದಿನವಿಡೀ ಎಐ ಬಗ್ಗೆ ಮಾತಾಡುವ ಮಗ ಸಂಜೆ ಅದನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ. ನೋಡಿ ಮುಗಿದ ಮೇಲೆ ಅದೇ ಬ್ಯಾಂಕಿಗೆ ವಾಪಸ್ ಕಟ್ಟುವಂತಿಲ್ಲ. ಕಟ್ಟಿದರೆ ನೋಡಿದ್ದನ್ನೇ ಮತ್ತೆ ನೋಡಬೇಕಾಗುತ್ತದೆ. ಆದ್ದರಿಂದ ತರುವುದು ಒಂದು ಬ್ಯಾಂಕಿನಿಂದ, ಸುರಿಯುವುದು ಫ್ರೀಮಾಂಟಿನ ಇನ್ನೊಂದಕ್ಕೆ.

ಡೈನಿಂಗ್ ಟೇಬಲ್ಲಿನ ಮೇಲೆ ಹಳೇ ಪಂಚೆ ಹಾಸಿ, ದೀಪ ಓರೆಯಾಗಿ ಬೀಳುವಂತೆ ಇಟ್ಟುಕೊಂಡು ಕೂರುತ್ತಾರೆ. ನಾಣ್ಯದ ಅಂಚನ್ನು ಮಾತ್ರ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಮೊದಲು ಇಸವಿ, ಆಮೇಲೆ ಲಿಂಕನ್ನನ ತಲೆಯ ಮೇಲಿನ ಸಾಲು, ಆಮೇಲೆ ಅವನ ಬೆನ್ನ ಹಿಂದಿನ ಲಿಬರ್ಟಿ. ‘ಅಚ್ಚು ಮಾಡುವಾಗಲೇ ಜೋಡಿ ಬಿದ್ದಿರಬೇಕು’ ಎಂದು ಪಾಠ ಶುರುಮಾಡುತ್ತಾರೆ. ಹಿಂದೆ ಒಂದು ಅಚ್ಚು ತಯಾರಾಗಲು ಮೂಲ ಮುದ್ರೆಯನ್ನು ಉಕ್ಕಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿದರೆ ಅಕ್ಷರ ಎರಡಾಗುತ್ತದೆ, ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯಕ್ಕೂ ಆ ತಪ್ಪು ವಂಶಪಾರಂಪರ್ಯ. ನಾಣ್ಯ ಒತ್ತುವ ಹೊತ್ತಿನಲ್ಲಿ ಅಚ್ಚು ಅಲುಗಾಡಿದರೂ ಜೋಡಿಯ ಹಾಗೇ ಕಾಣುತ್ತದೆ, ಆದರೆ ಅದು ಚಪ್ಪಟೆ, ಮೆಟ್ಟಿಲಿನಂತೆ; ಅದಕ್ಕೆ ಬೆಲೆಯಿಲ್ಲ. ಮೊಮ್ಮಗ ಸಂಭ್ರಮದಿಂದ ತಂದು ತೋರಿಸುವುದೆಲ್ಲ ಈ ಎರಡನೇ ಜಾತಿ. ‘ಹೋಗೋ, ಇದು ಬರೀ ಅಲುಗಾಟ’ ಎಂದು ತಾತ ತಳ್ಳಿಬಿಡುತ್ತಾರೆ.

ಗೃಹಪ್ರವೇಶ, ನಾಮಕರಣಗಳಿಗೆ ಇವರನ್ನು ಕರೆಯುವುದೇ ಕಷ್ಟ. ಊಟದ ಸಾಲಿನಲ್ಲಿ ಪಕ್ಕದವರಿಗೆ 1955ರ ಪುರಾಣ ತೆಗೆಯುತ್ತಾರೆ: ಆ ವರ್ಷ ಇಪ್ಪತ್ತು ಸಾವಿರದ ಮೇಲೆ ಜೋಡಿ ಅಕ್ಷರದ ಪೆನ್ನಿಗಳು ಹೊರಬಿದ್ದವು, ಬಹಳಷ್ಟು ಸಿಗರೇಟ್ ಯಂತ್ರದ ಪ್ಯಾಕಿನ ಹೊದಿಕೆಯೊಳಗೆ ಚಿಲ್ಲರೆಯಾಗಿ ಜನರ ಕೈ ಸೇರಿದವು. ‘ಸೇದುವವರಿಗೂ ಒಂದು ಕಾಲವಿತ್ತು’ ಎಂದು ನಿಟ್ಟುಸಿರು. ಆಮೇಲೆ 2004ರ ವಿಸ್ಕಾನ್ಸಿನ್ ಕ್ವಾರ್ಟರಿನ ಜೋಳದ ತೆನೆಗೆ ಮೂಡಿದ ಹೆಚ್ಚುವರಿ ಎಲೆ. ಆಮೇಲೆ 2005ರ ಕಾನ್ಸಾಸ್ ಕ್ವಾರ್ಟರ್: ಅಚ್ಚಿನ ಸಂದಿಯಲ್ಲಿ ಗ್ರೀಸ್ ತುಂಬಿ ‘ಇನ್ ಗಾಡ್ ವಿ ಟ್ರಸ್ಟ್’ ಎಂಬಲ್ಲಿ ಟಿ ಹಾರಿಹೋಗಿ ‘ರಸ್ಟ್’ ಆಗಿ, ದೇವರಲ್ಲಿ ನಂಬಿಕೆ ಇರಬೇಕಾದ ಕಡೆ ತುಕ್ಕು ಹಿಡಿದು ಕೂತಿತು. ಅಷ್ಟು ಹೊತ್ತಿಗೆ ಬಡಿಸುವವರು ಹೋಳಿಗೆ ಮುಗಿಸಿ ಮಜ್ಜಿಗೆಗೆ ಬಂದಿರುತ್ತಾರೆ.

ಆದರೂ ನಾನು ಅವರನ್ನು ಗೌರವಿಸುವುದು ಒಂದು ಕಾರಣಕ್ಕೆ. ಊರಿನ ಬಂಧುಗಳು ವಾಟ್ಸಾಪಿನಲ್ಲಿ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಕಳಿಸಿ ‘ಹತ್ತು ಲಕ್ಷವಂತೆ, ಹೌದಾ?’ ಎಂದು ಕೇಳಿದರೆ ರಾಯರು ಕೆಂಡವಾಗುತ್ತಾರೆ. ಅದರಲ್ಲಿ ತಪ್ಪೇ ಇಲ್ಲವಲ್ಲ, ಬೆಲೆ ಎಲ್ಲಿಂದ ಬರಬೇಕು? ಮುಂಗಡ ಕಮಿಷನ್ ಕೇಳುವ ಇಂಥ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಕೆ ಕೊಟ್ಟಿದೆ ಎಂದು ಹೇಳಿ, ‘ಆ ನಾಣ್ಯ ಕೊಟ್ಟು ಬಾಳೆಹಣ್ಣು ತಗೊಳ್ಳಿ’ ಎಂದು ಫೋನ್ ಇಡುತ್ತಾರೆ.

2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿ ಅಚ್ಚಾದ ಸುದ್ದಿ ಬಂದಾಗ ರಾಯರು ರಾತ್ರಿ ಊಟ ಬಿಟ್ಟರು. ಒಂದು ಸೆಂಟಿನ ನಾಣ್ಯಕ್ಕೆ ಮೂರೂವರೆ ಸೆಂಟಿಗೂ ಮೇಲೆ ಖರ್ಚು ಬೀಳುತ್ತಿತ್ತಂತೆ. ಕ್ಯಾಷಿಯರಾಗಿ ಅದನ್ನು ಒಪ್ಪಿದರು, ಬೇಟೆಗಾರನಾಗಿ ಒಪ್ಪಲಿಲ್ಲ.

ಆ ದುಃಖದಲ್ಲೇ ಅವರಿಗೆ ಅದು ಸಿಕ್ಕಿದ್ದು. 1972ರ ಪೆನ್ನಿ, ಇಸವಿಯೂ ಲಿಬರ್ಟಿಯೂ ಸ್ಪಷ್ಟ ಜೋಡಿ. ನೂರಾರು ಡಾಲರ್ ಬಾಳುವ ಮಾಲು. ನಾಲ್ಕು ಜನಕ್ಕೆ ಫೋನ್ ಮಾಡಿ, ನಾಣ್ಯವನ್ನು ದೇವರ ಮುಂದೆ ಇಟ್ಟು ಮಲಗಿದರು. ಮರುದಿನ ಶುಕ್ರವಾರ. ಎದ್ದು ನೋಡಿದರೆ ಪಂಚಪಾತ್ರೆ, ಉದ್ಧರಣೆಗಳ ಸಾಲಿನಲ್ಲಿ ಲಿಂಕನ್ ಥಳಥಳ ಹೊಳೆಯುತ್ತಿದ್ದಾನೆ.

‘ತಾಮ್ರ ಅಲ್ವೇನ್ರೀ? ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಚೆನ್ನಾಗಿ ಉಜ್ಜಿಟ್ಟೆ’ ಎಂದರು ಅವರ ಮನೆಯವರು.

ಉಜ್ಜಿದ ನಾಣ್ಯಕ್ಕೆ ಪೇಟೆಯಲ್ಲಿ ಅರ್ಧ ಬೆಲೆಯೂ ಹುಟ್ಟುವುದಿಲ್ಲ. ಸಾರಿನಲ್ಲಿ ತಪ್ಪು ಹುಡುಕಿದ್ದಕ್ಕೆ ಬಡ್ಡಿ ಸಮೇತ ತೀರುವಳಿಯಾಯಿತು ಎಂದು ಸೊಸೆ ಅಡುಗೆಮನೆಯಲ್ಲಿ ಬಾಯಿಗೆ ಸೆರಗಿಲ್ಲದೆ ಟೀ ಶರ್ಟನ್ನೇ ಅಡ್ಡ ಹಿಡಿದು ನಕ್ಕಳು.

ಓದುಗರಲ್ಲಿ ರಾಯರ ಪರವಾಗಿ ವಿನಂತಿ: ಅಕ್ಷರ ಜೋಡಿಯಾದ ನಾಣ್ಯ ಕೈಗೆ ಬಂದರೆ ಹುಣಸೆಹಣ್ಣು, ನಿಂಬೆರಸ, ಪೀತಾಂಬರಿ ಯಾವುದನ್ನೂ ತಾಗಿಸಬೇಡಿ. ಅಂಚು ಹಿಡಿದು, ಒಣ ಕಾಗದದಲ್ಲಿ ಸುತ್ತಿ ತನ್ನಿ. ರಾಯರ ವಾಪಸ್ ಟಿಕೆಟ್ ಮುಂದಿನ ತಿಂಗಳಿಗಿದೆ. ಅಷ್ಟರೊಳಗೆ ಬಂದರೆ ಪರೀಕ್ಷೆಗೆ ಫೀಸಿಲ್ಲ, ಕಾಫಿಯೂ ಸಿಗುತ್ತದೆ.